ಮಿಲ್ಟ್ರಿಯವರ ಕಿವಿ

ನನ್ನ ಗಂಟಲನ್ನು ಹೊಗಳಿದವರು ಇಡೀ ಜೀವನದಲ್ಲಿ ಒಬ್ಬರೇ. ಶಿಕಾರಿಪುರದ ನಮ್ಮ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತು ನಾನು "ಯಾರ್ರೀ ಮುಂದಿನವ್ರು" ಎಂದರೆ ಬೀದಿಯಲ್ಲಿ ಹೋಗುವವರೂ ಒಮ್ಮೆ ತಿರುಗಿ ನೋಡುತ್ತಿದ್ದರು. ಬಂದ ಮ್ಯಾನೇಜರುಗಳೆಲ್ಲ "ಮೇಡಂ, ಸ್ವಲ್ಪ ಮೆಲ್ಲಗೆ" ಎಂದು ಬೇಡಿಕೊಂಡು, ಪ್ರಯೋಜನವಾಗದೆ ವರ್ಗವಾಗಿ ಹೋದರು. ಸೈನ್ಯದಿಂದ ನಿವೃತ್ತರಾಗಿ ಗಾರ್ಡ್ ಆಗಿ ಸೇರಿದ ಮಿಲ್ಟ್ರಿಯವರು ಮಾತ್ರ ಮೊದಲ ವಾರವೇ ಕೌಂಟರಿನ ಹತ್ತಿರ ಬಂದು, ಕೋವಿಯನ್ನು ಭುಜಕ್ಕೆ ಸರಿಮಾಡಿಕೊಂಡು, "ಮೇಡಮ್ಮೋರೆ, ಈ ಆಫೀಸಲ್ಲಿ ಸರಿಯಾಗಿ ಮಾತಾಡೋರು ನೀವೊಬ್ರೇ ನೋಡ್ರಿ" ಎಂದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದು, ಮನೆಗೆ ಹೋಗಿ ನಮ್ಮವರ ಮುಂದೆ ಹೇಳಿಕೊಂಡು ಬೀಗಿದೆ.

ಮಿಲ್ಟ್ರಿಯವರು ತೀರಿಕೊಂಡ ಸುದ್ದಿ ಹೋದ ತಿಂಗಳು ಬಂತು. ಸೊರಬದಲ್ಲಿ ಬಸ್ಸು ಬದಲಿಸಿ ಅವರ ಊರು ಕುಪ್ಪಗಡ್ಡೆಗೆ ಹೋಗಿ ಬಂದೆ. ಅಂಗಳದಲ್ಲಿ ಕೂತವರ ಬಾಯಲ್ಲೆಲ್ಲ ಒಂದೇ ಮಾತು: ಸರ್ಕಾರದ ಮೇಲೆ ಕೇಸು ಹಾಕಿ ಗೆದ್ದ ಮನುಷ್ಯ, ಬಿಡಲಿಲ್ಲ, ಕಿವಿಗೆ ಪಿಂಚಣಿ ಬರೆಸಿಕೊಂಡೇ ಬಂದ. ನಾನು ಅಲ್ಲಗಳೆಯಲಿಲ್ಲ. ಅದರ ಎರಡನೆಯ ಅಪೀಲು ಬರೆದುಕೊಟ್ಟವಳು ನಾನೇ ಆದ್ದರಿಂದ ಒಬ್ಬಿಬ್ಬರು ನನಗೂ ಕೈ ಮುಗಿದರು. ಅವರು ಗೆದ್ದದ್ದು ನಿಜ. ಆದರೆ ತೀರ್ಪು ಕೇಳಿದಾಗ ಅವರ ಮುಖ ನೋಡಿದವಳು ನಾನೊಬ್ಬಳೇ. ಆ ಮುಖ ಈಗಲೂ ನನ್ನನ್ನು ಬಿಟ್ಟಿಲ್ಲ.

ಸೈನ್ಯದಲ್ಲಿ ಅವರು ಸಿಗ್ನಲ್ ಹವಾಲ್ದಾರ್ ಆಗಿದ್ದರು. ಅಂದರೆ ವೈರ್‌ಲೆಸ್ ಸೆಟ್ಟಿನ ಮುಂದೆ ಹೆಡ್‌ಫೋನ್ ಹಾಕಿಕೊಂಡು ಕೂತು, ಬಂದ ಮಾತು ತೆಗೆದುಕೊಳ್ಳುವುದು, ಹೋಗಬೇಕಾದ ಮಾತು ಕಳಿಸುವುದು. ಆ ಕಸುಬು ಅವರ ಮೈಗೆ ಅಂಟಿಕೊಂಡಿತ್ತು. ಏನೇ ಹೇಳಿದರೂ ಅದನ್ನು ತಿರುಗಿ ಹೇಳಿದ ಮೇಲೇ ಹೆಜ್ಜೆ ಎತ್ತುತ್ತಿದ್ದರು. "ಎರಡು ಚಹ, ಒಂದು ಸಕ್ಕರೆ ಇಲ್ದೆ" ಎಂದರೆ "ಎರಡು ಚಹ, ಒಂದು ಸಕ್ಕರೆ ಇಲ್ದೆ" ಎಂದು ನಮ್ಮ ಮುಖ ನೋಡಿ, ನಾವು ತಲೆಯಾಡಿಸಿದ ಮೇಲೆ ಹೊರಡುವುದು. ಸಂಜೆ ಸ್ಪೀಕರ್ ಏರಿಸಿಕೊಂಡು ಹೆಂಡತಿಗೆ ಫೋನು ಮಾಡಿದರೆ "ನಾ ಹೇಳಿದ್ದು ತಿರುಗಿ ಹೇಳು" ಎಂದು ಗದರುವುದು ಇಡೀ ಬ್ಯಾಂಕಿಗೆ ಕೇಳುತ್ತಿತ್ತು. ನಾವೆಲ್ಲ ಅದನ್ನು ಅಣಕಿಸಿ ನಗುತ್ತಿದ್ದೆವು. ಅವರೂ ನಗುತ್ತಿದ್ದರು, ನಾವು ಯಾಕೆ ನಗುತ್ತಿದ್ದೇವೆ ಎಂದು ತಿಳಿಯದೆ.

ಅವರಿಗೆ ಕಿವಿ ಕೇಳುವುದಿಲ್ಲ ಎಂದು ನನಗೆ ತಿಳಿದದ್ದು ಒಂದು ಇಲಿಯಿಂದ. ಇಲಿ ಸೈರನ್ನಿನ ವೈರು ಕಡಿದು, ಮಟಮಟ ಮಧ್ಯಾಹ್ನ ಸೈರನ್ನು ಹೊಡೆದುಕೊಳ್ಳಲು ಶುರುವಾಯಿತು. ಸಾಲಿನಲ್ಲಿದ್ದ ಹೆಂಗಸರು ಚೀರಿದರು, ಮ್ಯಾನೇಜರ್ ಮೇಜಿನ ಕೆಳಗೆ ಹೋದರು. ಮಿಲ್ಟ್ರಿಯವರು ಬಾಗಿಲ ಪಕ್ಕದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಶಾಂತವಾಗಿ ಕೂತೇ ಇದ್ದರು. ಆಮೇಲೆ ನಮ್ಮ ಮುಖಗಳನ್ನು ಕಂಡರು. ಕಂಡದ್ದೇ ಎದ್ದು, ಕೋವಿ ಹಿಡಿದು, ಶಟರ್ ಎಳೆದು, ಗಿರಾಕಿಗಳನ್ನೆಲ್ಲ ಒಳಗೇ ಕೂಡಿಹಾಕಿ, "ಯಾರೂ ಅಲ್ಲಾಡಬಾರ್ದು" ಎಂದು ಗುಡುಗಿದರು. ಸಾಲದ ಕಂತು ಕಟ್ಟಲು ಬಂದಿದ್ದ ಒಬ್ಬ ಅಜ್ಜ ಎರಡೂ ಕೈ ಮೇಲೆತ್ತಿ ನಿಂತುಬಿಟ್ಟಿದ್ದ. ಎಲ್ಲ ಮುಗಿದು ನಗೆಯಾದ ಮೇಲೆ ನಾನು ಅವರನ್ನು ಸ್ಟ್ರಾಂಗ್ ರೂಮಿನ ಹತ್ತಿರ ಕರೆದು, "ಸೈರನ್ ಕೇಳಿಸ್ಲಿಲ್ಲ ಅಲ್ವಾ?" ಎಂದು ಮುಖಕ್ಕೇ ಕೇಳಿದೆ.

"ಎಂತದೂ ಕೇಳಿಸ್ಲಿಲ್ಲ್ರೀ" ಎಂದರು. ಸುಳ್ಳು ಹೇಳುವ ಅಭ್ಯಾಸ ಅವರಿಗಿರಲಿಲ್ಲ, ಮುಚ್ಚಿಡುವ ಅಭ್ಯಾಸ ಮಾತ್ರ ಇತ್ತು. "ಕೀರಲು ಸದ್ದು ಒಂದೂ ಕೇಳಲ್ಲ, ನಿಮ್ಮ ದಪ್ಪ ದನಿ ಹೆಂಗೋ ಕೇಳ್ತದೆ. ಉಳಿದೋರದ್ದು ತುಟಿ ನೋಡಿ ತಿಳ್ಕಣದು. ಯಾರಿಗೂ ಹೇಳ್ಬೇಡ್ರಿ. ಕಿವುಡ ಗಾರ್ಡನ್ನ ಯಾರ್ರೀ ಇಟ್ಕಳ್ತಾರೆ?"

ನಾನು ಹೇಳಲಿಲ್ಲ. ಅದಕ್ಕೆ ಪ್ರತಿಯಾಗಿಯೋ ಏನೋ, ಮುಂದಿನ ಸೋಮವಾರ ಊರಿನಿಂದ ಒಂದು ಪ್ಲಾಸ್ಟಿಕ್ ಕವರು ತಂದು ಕೌಂಟರಿನ ಮೇಲಿಟ್ಟರು. ಸೈನ್ಯ ಬಿಡುವಾಗ ವೈದ್ಯರ ಮಂಡಳಿ ಬರೆದುಕೊಟ್ಟದ್ದು ಅದರಲ್ಲಿತ್ತು. ಎರಡೂ ಕಿವಿಯಲ್ಲಿ ದೋಷವಿದೆ, ಆದರೆ ಪ್ರಮಾಣ ಶೇಕಡಾ ಇಪ್ಪತ್ತಕ್ಕಿಂತ ಕಡಿಮೆ. ಇದು ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಇಪ್ಪತ್ತಕ್ಕಿಂತ ಕಡಿಮೆಯಿದ್ದರೆ ಅಂಗವೈಕಲ್ಯದ ಪಿಂಚಣಿಯಿಲ್ಲ. ಸೇವೆಯಿಂದಲ್ಲ ಎಂದರೆ ಮಾತೇ ಇಲ್ಲ. ಮೊದಲನೆಯ ಅಪೀಲನ್ನು ಯಾರೋ ಬರೆದುಕೊಟ್ಟಿದ್ದರು, ಅದು ತಿರಸ್ಕೃತವಾಗಿತ್ತು. ಎರಡನೆಯದನ್ನು ನಾನು ಬರೆಯಬೇಕಂತೆ, ಇಂಗ್ಲಿಷಿನಲ್ಲಿ, ಜೋರಾಗಿ.

"ಜೋರಾಗಿ ಅಂದ್ರೆ?"

"ನೀವು ಮಾತಾಡೋ ಹಂಗೆ" ಎಂದರು.

ಜೋರಾಗಿಯೇ ಬರೆದೆ. ಬರೆಯುತ್ತಾ ನನಗೆ ವಿಚಿತ್ರವೆನಿಸಿದ್ದು ಒಂದಿದೆ. ವರ್ಷಕ್ಕೊಮ್ಮೆ ಬ್ಯಾಂಕಿಗೆ ಅವರು ಮೈ ಸರಿಯಿದೆ ಎಂದು ಡಾಕ್ಟರ ಸರ್ಟಿಫಿಕೇಟು ತರಬೇಕಿತ್ತು. ಅದೇ ಮನುಷ್ಯ ಅತ್ತ ಸೈನ್ಯಕ್ಕೆ ಮೈ ಸರಿಯಿಲ್ಲ ಎಂದು ಬರೆಯಬೇಕಿತ್ತು. ಅನ್ನ ಹಾಕುವ ಕೆಲಸಕ್ಕೆ ಕಿವಿ ಬೇಕು, ನ್ಯಾಯಕ್ಕೆ ಕಿವಿ ಹೋಗಿರಬೇಕು. "ಎರಡು ದೋಣಿಲಿ ಕಾಲಿಟ್ಟೀರಿ, ಬಿದ್ರೆ ನನ್ನನ್ನೂ ಎಳೀತೀರಿ" ಎಂದು ರೇಗಿಸಿದರೆ ನಗುತ್ತಿದ್ದರು. ಪಿಂಚಣಿ ಸಿಕ್ಕರೆ ಗಾರ್ಡಿನ ಕೆಲಸ ಬಿಟ್ಟು ಊರು ಸೇರುತ್ತಾರೆ, ಅಷ್ಟೇ ಇದರ ಲೆಕ್ಕ ಎಂದು ನಾನು ತಿಳಿದಿದ್ದೆ.

ಅವರ ಇನ್ನೊಂದು ಅಭ್ಯಾಸ ಹೇಳಬೇಕು. ನಮ್ಮಲ್ಲಿ ಕರೆಂಟು ಹೋಗಿ ಜನರೇಟರ್ ಶುರುವಾಗುವ ಮೊದಲು ಒಂದು ಗಳಿಗೆ ಎಲ್ಲವೂ ನಿಲ್ಲುತ್ತದೆ. ಫ್ಯಾನು, ನೋಟು ಎಣಿಸುವ ಯಂತ್ರ, ಎಸಿ, ಕೊನೆಗೆ ಜನರ ಗುಜುಗುಜು ಕೂಡ. ಆ ಗಳಿಗೆಯಲ್ಲಿ ಅವರು ಎರಡು ಬೆರಳನ್ನು ಬಲಗಿವಿಯ ಮೇಲೆ ಒತ್ತಿ ಹಿಡಿದು, ನೆಲ ನೋಡುತ್ತಾ ಕಲ್ಲಾಗುತ್ತಿದ್ದರು. ಕರೆದರೂ ತಿರುಗುತ್ತಿರಲಿಲ್ಲ. ತುಟಿ ಮಾತ್ರ ಸಣ್ಣಗೆ ಅಲುಗುತ್ತಿತ್ತು. ಕೇಳಿಸದ ಮನುಷ್ಯನಿಗೆ ಸದ್ದು ನಿಂತದ್ದು ಹೇಗೆ ತಿಳಿಯುತ್ತಿತ್ತೋ, ಫ್ಯಾನು ನಿಂತದ್ದು ನೋಡಿಯೋ ಏನೋ. ಅವರು ಯಾರದೋ ಮಾತು ಕೇಳುತ್ತಿದ್ದಾರೆ, ಆ ಯಾರೋ ನಮ್ಮ ಬ್ಯಾಂಕಿನಲ್ಲಿ ಇಲ್ಲ ಎಂದು ಯಾರಿಗಾದರೂ ಅನಿಸುವಂತಿತ್ತು.

ಅದೇನೆಂದು ತಿಳಿದದ್ದು ಗುಡವಿಯಲ್ಲಿ. ಸ್ಟಾಫೆಲ್ಲ ಒಂದು ಭಾನುವಾರ ಹಕ್ಕಿ ನೋಡಲು ಹೋಗಿದ್ದೆವು. ಕೆರೆಯ ಮರಗಳ ಮೇಲೆ ಬಿಳಿ ಹಕ್ಕಿಗಳು ತುಂಬಿಕೊಂಡಿದ್ದವು. ಮರಿಗಳ ಗಲಾಟೆಗೆ ಪಕ್ಕದವರ ಮಾತು ಕೇಳುತ್ತಿರಲಿಲ್ಲ, ನಾನೂ ಸೋತಿದ್ದೆ. ಮಿಲ್ಟ್ರಿಯವರು ದಂಡೆಯ ಮೇಲೆ ನಿಂತು ಬಹಳ ಹೊತ್ತು ಆ ಕೊಕ್ಕುಗಳನ್ನೇ ನೋಡಿದರು.

"ಸದ್ದು ಮಾಡ್ತಾವೇನ್ರೀ ಇವು?" ಎಂದು ನನ್ನನ್ನು ಕೇಳಿದರು.

ಹೌದು ಎಂದು ತಲೆಯಾಡಿಸಿದೆ.

"ಬಾಯಿ ತೆಗೀತಾವೆ ಅಂತ ಕಾಣ್ತದೆ. ನಂಗೆ ಕಿವಿಲಿ ಸಿಳ್ಳು ಒಂದೇ. ಕುಕ್ಕರಿಗಿಂತ ಸಣ್ಣದು, ನಿಲ್ಲದೇ ಇಲ್ಲ." ಆಮೇಲೆ, ನಾನು ಕೇಳದೆಯೇ, ಕೆರೆಯ ಕಡೆ ಮುಖ ಮಾಡಿಕೊಂಡು, ಆ ಗಲಾಟೆಯಲ್ಲೂ ಕೇಳುವ ಗಟ್ಟಿ ದನಿಯಲ್ಲಿ ಹೇಳಿದರು.

ಗಡಿಯಲ್ಲಿ ಎತ್ತರದ ಒಂದು ಠಾಣೆಯಲ್ಲಿ ಅವರ ಸೆಟ್ಟು ಇತ್ತು. ಇನ್ನೂ ಮುಂದೆ, ಬಂಡೆಯ ಆಚೆ, ಒಂದು ಸಣ್ಣ ಠಾಣೆ. ಅಲ್ಲಿನ ಸೆಟ್ಟಿನಲ್ಲಿ ಇದ್ದವನು ಧಾರವಾಡದ ಕಡೆಯ ಹುಡುಗ. ಸೆಟ್ಟಿನಲ್ಲಿ ಮನೆ ಮಾತು ಆಡಬಾರದು, ಆದರೂ ದಿನಾ ಬೆಳಿಗ್ಗೆ ಅವನು ಕನ್ನಡದಲ್ಲಿ "ಏನಣ್ಣ, ಊಟಕ್ಕೇನ ಇವತ್ತು" ಎಂದು ಕೇಳುತ್ತಿದ್ದ. ಅಷ್ಟು ದೂರದಲ್ಲಿ ಇವರ ಕಿವಿಗೆ ಬೀಳುತ್ತಿದ್ದ ಕನ್ನಡ ಅದೊಂದೇ. ಒಂದು ದಿನ ಶೆಲ್ಲಿನ ದಾಳಿಯಾಯಿತು. ಒಂದು ಶೆಲ್ಲು ಇವರ ಬಂಕರಿನ ಮಗ್ಗುಲಲ್ಲೇ ಬಿತ್ತು. ಮೈಗೆ ಗಾಯವಿಲ್ಲ, ಸೆಟ್ಟಿಗೂ ಪೆಟ್ಟಿಲ್ಲ. ಹೆಡ್‌ಫೋನ್ ಹಾಗೇ ಇತ್ತು. ಸಿಳ್ಳು ಶುರುವಾದದ್ದು ಆಗ.

"ಸೆಟ್ಟಿನ ಮೇಲೆ ಒಂದು ಮುಳ್ಳು ಇರ್ತದೆ ರೀ. ಆ ಕಡೆಯೋರು ಮಾತಾಡಿದ್ರೆ ಅಲ್ಲಾಡ್ತದೆ. ಸುಮ್ನೆ ಗಾಳಿಗೆ, ಗುಡುಗಿಗೆ ಆಡೋದೂ ಉಂಟು. ಅವತ್ತು ಅದು ಅಲ್ಲಾಡ್ತಿತ್ತು. ನಾ ನೋಡ್ತಾ ಕೂತಿದ್ದೆ. ಕಿವಿಲಿ ಸಿಳ್ಳು ಬಿಟ್ರೆ ಎಂತದೂ ಇಲ್ಲ. ಆಮೇಲೆ ಮುಳ್ಳು ನಿಂತ್ಹೋಯ್ತು."

ಮುಂದಿನ ಠಾಣೆಯಲ್ಲಿ ಯಾರೂ ಉಳಿದಿರಲಿಲ್ಲ. ಸಾಹೇಬರು ಬಂದು ವಿಚಾರಿಸಿದಾಗ, ಆ ಕಡೆಯಿಂದ ಏನಾದರೂ ಬಂತಾ ಎಂದು ಕೇಳಿದರಂತೆ, ಇವರು ತುಟಿ ನೋಡಿ ಊಹಿಸಿಕೊಂಡರು. ಏನೂ ಬರಲಿಲ್ಲ ಎಂದು ಇವರು ಹೇಳಿದರು. ಬೇರೆ ಸಿಗ್ನಲ್‌ನವರು ಇರಲಿಲ್ಲವಾದ್ದರಿಂದ ಕಿವಿಯ ಮಾತು ಎತ್ತದೆ ಹೆಡ್‌ಫೋನ್ ಹಾಕಿಕೊಂಡು ಅಲ್ಲಿಯೇ ಕೂತರು. ಆಸ್ಪತ್ರೆಗೆ ಹೋಗಲಿಲ್ಲ. ಹೋಗದ್ದರಿಂದ ಅಂದು ಗಾಯವಾಯಿತು ಎಂಬ ದಾಖಲೆಯಿಲ್ಲ. ದಿನ ಕಳೆದ ಹಾಗೆ ಜೋರು ಮಾತು ಕೇಳುವಷ್ಟು ಕಿವಿ ತಿರುಗಿ ಬಂತು. ಆಗ ಜೊತೆಯವನೊಬ್ಬ ಎಲ್ಲರೆದುರಿಗೆ ಅಂದನಂತೆ: ಸೆಟ್ಟು ಸರಿಯಿತ್ತು, ನಿನ್ನ ಕಿವಿಯೂ ಸರಿಯಿತ್ತು, ಹೆದರಿ ಉತ್ತರ ಕೊಡದೆ ಕೂತೆ.

"ರಜದಲ್ಲಿ ಆ ಹುಡುಗನ ಊರಿಗೆ ಹೋದೆ. ಅವನ ತಾಯಿ ಕೈ ಹಿಡ್ಕಂಡು ಒಂದೇ ಕೇಳಿದ್ದು, ನನ್ನ ಮಗ ಕೊನೀಗೆ ಏನಾದ್ರೂ ಅಂದನೇನಪ್ಪಾ ಅಂತ. ಕರೀಲೇ ಇಲ್ಲ ತಾಯಿ, ಅವಂಗೆ ಗೊತ್ತಾಗೋ ಮೊದ್ಲೇ ಆಗಿರ್ತದೆ ಅಂದೆ." ಆಮೇಲೆ ನನ್ನ ಕಡೆ ತಿರುಗಿದರು: "ಡಾಕ್ಟ್ರು ಕಿವಿ ಅಲ್ಲಿ ಹೋದದ್ದಲ್ಲ ಅಂತ ಬರೆದಾರಲ್ಲ. ಅಂದ್ರೆ ನಾ ಹೆದರಿ ಕೂತೆ ಅಂತಲೇ ಬರೆದಂಗಾಯ್ತಲ್ರೀ. ನಂಗೆ ಪಿಂಚಣಿ ಬ್ಯಾಡ. ಅಲ್ಲೇ ಹೋದದ್ದು ಅಂತ ಒಂದು ಮಾತು ಬರೀಲಿ."

ಅಂದಿನಿಂದ ಅಪೀಲು ನನ್ನದೂ ಆಯಿತು.

ಎರಡನೆಯ ಅಪೀಲಿಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಮತ್ತೆ ಪರೀಕ್ಷೆ ಮಾಡಿಸಿ ಎಂದು ಉತ್ತರ ಬಂತು. ನಾನೂ ಅವರ ಹೆಂಡತಿಯೂ ಜೊತೆಗೆ ಹೋದೆವು. ಹೆಂಡತಿ ಜಡೆ ಎಂಬ ಊರಿನ ಹೆಣ್ಣುಮಗಳು, ಸಣ್ಣ ಮೈಯ, ಚುರುಕು ಬಾಯಿಯ ಹೆಂಗಸು. ಬಸ್ಸಿನುದ್ದಕ್ಕೂ ಅವರದು ಒಂದೇ ವಾದ: "ಕಿವಿ ಇದ್ದ ಗಂಡನ್ನ ಕಳ್ಸಿದ್ದೆ ನಾನು. ಕಿವಿ ತಗಂಡು ಕಳ್ಸಿದ್ರು. ಈಗ ನಾವು ತಗಂಡೇ ಇಲ್ಲ ಅಂದ್ರೆ ಹೆಂಗ್ರೀ ಮೇಡಂ?" ಮಿಲ್ಟ್ರಿಯವರು ಕಿಟಕಿಯ ಆಚೆ ನೋಡುತ್ತಿದ್ದರು. ಬೂಟಿಗೆ ಪಾಲಿಶ್ ಹಾಕಿದ್ದರು, ಮೀಸೆ ಕತ್ತರಿಸಿದ್ದರು, ಪ್ಯಾಂಟಿನ ಇಸ್ತ್ರಿ ಗೆರೆ ಮುರಿಯಬಾರದೆಂದು ಮಂಡಿ ಮಡಿಸದೆ ಕೂತಿದ್ದರು. "ಕಾಯಿಲೆ ತೋರ್ಸೋಕೆ ಹೊರಟೀರೋ, ಹೆಣ್ಣು ನೋಡೋಕೋ?" ಎಂದು ನಾನು ರೇಗಿದೆ.

ಕಿವಿಯ ಪರೀಕ್ಷೆ ಹೀಗೆ. ಗಾಜಿನ ಸಣ್ಣ ಕೋಣೆಯೊಳಗೆ ಕೂರಿಸಿ ಹೆಡ್‌ಫೋನ್ ಹಾಕುತ್ತಾರೆ, ಕೈಗೊಂದು ಗುಂಡಿ ಕೊಡುತ್ತಾರೆ. ಸದ್ದು ಕೇಳಿಸಿದರೆ ಒತ್ತಬೇಕು, ಕೇಳಿಸದಿದ್ದರೆ ಸುಮ್ಮನಿರಬೇಕು. ಇವರು ಸುಮ್ಮನೆ ಇದ್ದರೆ ಸಾಕಿತ್ತು. ಪರೀಕ್ಷೆ ಮಾಡುತ್ತಿದ್ದ ವೈದ್ಯೆ ವಯಸ್ಸಿನಲ್ಲಿ ಚಿಕ್ಕವಳು, ಸಮವಸ್ತ್ರದಲ್ಲಿದ್ದಳು. ಅವಳನ್ನು ಕಂಡದ್ದೇ ಇವರು ಅಟೆನ್ಷನ್ನಿಗೆ ನಿಂತು ಸೆಲ್ಯೂಟು ಹೊಡೆದರು. ನಾವಿಬ್ಬರೂ ಬಾಗಿಲ ಹತ್ತಿರ ನಿಂತು ಗಾಜಿನಲ್ಲಿ ನೋಡುತ್ತಿದ್ದೆವು.

ಹೆಡ್‌ಫೋನ್ ಕಿವಿಗೆ ಏರಿದ್ದೇ ತಡ, ಅವರು ಬೇರೆ ಮನುಷ್ಯರಾದರು. ಬೆನ್ನು ಮುಂದಕ್ಕೆ ಬಾಗಿತು. ಕಣ್ಣು ಎದುರಿನ ಖಾಲಿ ಗೋಡೆಯಲ್ಲಿ ಏನನ್ನೋ ಹಿಡಿದುಕೊಂಡಿತು. ಎಡಗೈ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿಯಿತು. ಮತ್ತೆ ಬಲಗೈ ಹೆಬ್ಬೆರಳು ಗುಂಡಿಯನ್ನು ಒತ್ತತೊಡಗಿತು. ಒತ್ತಿದರು, ಒತ್ತಿದರು, ಬಿಡಲೇ ಇಲ್ಲ. ವೈದ್ಯೆ ಯಂತ್ರ ನಿಲ್ಲಿಸಿ, ಕೈಸನ್ನೆ ಮಾಡಿ, ಮತ್ತೆ ವಿವರಿಸಿ, ಮತ್ತೆ ಶುರು ಮಾಡಿದಳು. ಯಾವ ಸದ್ದನ್ನೂ ಕಳಿಸದೆ ಸುಮ್ಮನೆ ಕೂತು ನೋಡಿದಳು. ಆಗಲೂ ಒತ್ತುತ್ತಿದ್ದರು. ಹಣೆಯ ಬೆವರು ಮೀಸೆಗೆ ಇಳಿಯುತ್ತಿತ್ತು. ಅವರ ತುಟಿಯನ್ನು ಓದುವುದು ನನಗೆ ಬರುವುದಿಲ್ಲ. ಆದರೆ ಅಲ್ಲಿ ಆಡುತ್ತಿದ್ದದ್ದು ಯಾರದೋ ಹೆಸರು, ಅಷ್ಟು ತಿಳಿಯಿತು. ನನ್ನ ಪಕ್ಕದಲ್ಲಿ ಅವರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

ಪರೀಕ್ಷೆಯ ಫಲ ನಂಬಲರ್ಹವಲ್ಲ ಎಂದು ಬರೆದು ಕಳಿಸಿದರು. ಹೊರಗೆ ಬಂದ ಮೇಲೆ ನನ್ನ ಸಿಟ್ಟು ತಡೆಯಲಾಗಲಿಲ್ಲ. ಆಸ್ಪತ್ರೆಯ ಹಾದಿಯಲ್ಲೇ ಕೂಗಾಡಿದೆ. "ಕೇಳ್ದಿದ್ರೆ ಸುಮ್ನಿರಿ ಅಂತ ತಾನೇ ಹೇಳಿದ್ದು? ಯಾಕ್ರೀ ಒತ್ತಿದ್ರಿ?"

ಅವರು ತಪ್ಪು ಮಾಡಿ ಸಿಕ್ಕವರ ಹಾಗೆ ನನ್ನನ್ನು ನೋಡಿದರು. "ಒಂದೂ ಬಿಟ್ಟು ಹೋಗ್ಬಾರ್ದಲ್ರೀ" ಎಂದರು.

ಅವರ ಹೆಂಡತಿ ಅವರ ಕೈ ಹಿಡಿದು ರಸ್ತೆ ದಾಟಿಸಿದರು.

ಎರಡನೆಯ ಅಪೀಲೂ ಬಿತ್ತು. ಆಮೇಲೆ ಸೈನಿಕರ ನ್ಯಾಯಮಂಡಳಿ, ವಕೀಲರು, ಮುಂದೂಡಿದ ತಾರೀಖುಗಳು. ಆ ನಡುವೆ ಅವರು ಬ್ಯಾಂಕಿನಿಂದಲೂ ನಿವೃತ್ತರಾಗಿ ಕುಪ್ಪಗಡ್ಡೆ ಸೇರಿದರು. ಬೀಳ್ಕೊಡುಗೆಯಲ್ಲಿ ಮ್ಯಾನೇಜರು ಇವರ ಶಿಸ್ತಿನ ಬಗ್ಗೆ ಮೆಲ್ಲಗೆ ಭಾಷಣ ಮಾಡಿದರು, ಇವರು ಒಂದಕ್ಷರ ಕೇಳಿಸದೆ ತಲೆಯಾಡಿಸುತ್ತಾ ನಿಂತರು. ನಿಜ ಹೇಳಬೇಕೆಂದರೆ ಕೇಸು ಗೆಲ್ಲುವ ಆಸೆ ನನಗೆ ಹೋಗಿತ್ತು. ಅವರಿಗೂ ಹೋಗಿರಬೇಕು ಎಂದುಕೊಂಡಿದ್ದೆ. ಸೊರಬದ ಕಡೆಯಿಂದ ಯಾರಾದರೂ ಬ್ಯಾಂಕಿಗೆ ಬಂದರೆ ಮಾತ್ರ "ತಾರೀಕು ಯಾವಾಗಂತೆ ಕೇಳ್ಕಂಡು ಬಾ" ಎಂದು ಹೇಳಿ ಕಳಿಸಿರುತ್ತಿದ್ದರು.

ಕೊನೆಗೆ ನ್ಯಾಯಮಂಡಳಿಯವರು ಇನ್ನೊಂದು ಪರೀಕ್ಷೆಗೆ ಹೇಳಿದರು. ಈ ಸಲ ಗುಂಡಿಯಿಲ್ಲ, ಒತ್ತುವುದಿಲ್ಲ. ತಲೆಗೆ ವೈರು ಅಂಟಿಸಿ ಮಲಗಿಸುತ್ತಾರೆ, ಕಿವಿಗೆ ಬಿದ್ದ ಸದ್ದು ಒಳಗೆ ಮುಟ್ಟಿತೋ ಇಲ್ಲವೋ ಎಂದು ಯಂತ್ರವೇ ಹೇಳುತ್ತದೆ. ಮಲಗಿದ್ದ ಮನುಷ್ಯನನ್ನು ಯಾರೂ ಏನೂ ಕೇಳುವುದಿಲ್ಲ. ಯಂತ್ರ ಹೇಳಿತು. ಪ್ರಮಾಣ ಇಪ್ಪತ್ತನ್ನು ದಾಟಿತು. ಇದು ವಯಸ್ಸಿನಿಂದ ಬರುವ ಕಿವುಡಲ್ಲ, ಹತ್ತಿರದಲ್ಲೇ ಭಾರಿ ಸ್ಫೋಟವಾದಾಗ ಆಗುವ ಪೆಟ್ಟು ಎಂದು ಡಾಕ್ಟರು ಬರೆದರು. ಸೇರುವಾಗ ಸರಿಯಿದ್ದ ಕಿವಿ ಎಂಬುದು ಹಳೆಯ ದಾಖಲೆಯಲ್ಲೇ ಇತ್ತು.

ತೀರ್ಪು ವಕೀಲರಿಂದ ನನ್ನ ಫೋನಿಗೆ ಬಂದ ದಿನ ನಾನು ಕೌಂಟರಿನಲ್ಲಿ ಕೂಗಿದ ಕೂಗಿಗೆ ಶಟರ್ ಎಳೆಯಲು ಮಿಲ್ಟ್ರಿಯವರು ಇರಲಿಲ್ಲ, ಅಷ್ಟೇ. ಪ್ರಿಂಟು ತೆಗೆದುಕೊಂಡು ಮರುದಿನವೇ ಕುಪ್ಪಗಡ್ಡೆಗೆ ಹೋದೆ. ಅವರ ಹೆಂಡತಿ ಅಂಗಳದಲ್ಲೇ ನನ್ನನ್ನು ತಬ್ಬಿಕೊಂಡು ಅತ್ತರು, ಅಕ್ಕಪಕ್ಕದವರನ್ನು ಕರೆದು ಹೇಳಿದರು, ಆಮೇಲೆ ಪಾಯಸಕ್ಕೆ ಇಡುತ್ತೇನೆಂದು ಒಳಗೆ ಓಡಿದರು. ನಾನೂ ಮಿಲ್ಟ್ರಿಯವರೂ ಇಬ್ಬರೇ ಉಳಿದೆವು.

"ಏನಂತ ಬರ್ದಾರೆ, ಪೂರ್ತಿ ಹೇಳ್ರಿ" ಎಂದರು.

ಕನ್ನಡ ಮಾಡಿ, ಒಂದೊಂದೇ ಮಾತು ಬಿಡಿಸಿ ಹೇಳಿದೆ. ಕಿವಿಯ ದೋಷ ಸೇವೆಯಿಂದಲೇ ಆದದ್ದು. ಶೆಲ್ಲಿನ ದಾಳಿಯ ದಿನವೇ ಆದದ್ದು. ಆ ಹೊತ್ತಿನಲ್ಲಿ ಇವರಿಗೆ ಸೆಟ್ಟಿನ ಮಾತು ಕೇಳಿಸುವ ಸ್ಥಿತಿ ಇರಲಿಲ್ಲ ಎಂಬುದನ್ನು ಒಪ್ಪಲಾಗಿದೆ.

"ಅವತ್ತೇ ಹೋಗಿತ್ತು ಅಂತ?"

"ಅವತ್ತೇ."

"ಖಾತ್ರಿನೇನ್ರೀ?"

"ಮಂಡಳಿಯವ್ರೇ ಬರೆದಾರೆ. ಇನ್ಯಾರೂ ನಿಮ್ಮನ್ನ ಹೆದರಿ ಕೂತ ಅನ್ನೋ ಹಂಗಿಲ್ಲ" ಎಂದೆ. ನಾನು ನಗುತ್ತಿದ್ದೆ. ಅವರೂ ನಗುತ್ತಾರೆ ಎಂದು ಕಾಯುತ್ತಿದ್ದೆ.

ಅವರ ಮುಖದಿಂದ ರಕ್ತ ಇಳಿದುಹೋಯಿತು. ಅಷ್ಟು ವರ್ಷ ನೆಟ್ಟಗಿದ್ದ ಬೆನ್ನು ಗೋಡೆಗೆ ಒರಗಿತು.

"ಅವ ಕರೀಲಿಲ್ಲ ಅನ್ನೋದಕ್ಕೆ ಇದ್ದ ಸಾಕ್ಷಿ ನನ್ನ ಕಿವಿ ಒಂದೇ ರೀ" ಎಂದರು. "ಏನೂ ಕೇಳಿಸ್ಲಿಲ್ಲ, ಹಂಗಾಗಿ ಕರೀಲಿಲ್ಲ, ಮುಳ್ಳು ಗಾಳಿಗೆ ಆಡ್ತು ಅಂತ ಅಂದ್ಕಳ್ತಿದ್ದೆ. ಅವನ ತಾಯಿಗೂ ಅದನ್ನೇ ಹೇಳಿದ್ದು. ಈಗ ಆ ಕಿವಿ ಸತ್ತಿತ್ತು ಅಂತ ಬರೆದುಬಿಟ್ರಲ್ಲ. ಅಂದ್ರೆ ಅವ ಕರೆದಿದ್ರೂ ಕರೆದಿರ್ಬೋದು."

ಗಾಳಿಗೇ ಆಡಿರಬಹುದು ಎಂದೆ. ಅವರು ಬೇಡವೆಂದು ಕೈ ಆಡಿಸಿದರು. ಒಳಗಿನಿಂದ ಏಲಕ್ಕಿ ಕುಟ್ಟುವ ಸದ್ದು ಬರುತ್ತಿತ್ತು. ಆಮೇಲೆ ತೀರ್ಪಿನ ಹಾಳೆಯನ್ನು ನನ್ನ ಕಡೆ ಸರಿಸಿ ಕೇಳಿದರು:

"ಇದರ ಮೇಲೆ ಅಪೀಲು ಹಾಕೋಕೆ ಬರ್ತದೇನ್ರೀ?"

"ಗೆದ್ದೋರಿಗೆ ಅಪೀಲಿಲ್ರೀ" ಎಂದೆ. ಮೆಲ್ಲಗೇ ಅಂದದ್ದು. ಅವರ ಕಣ್ಣು ನನ್ನ ತುಟಿಯ ಮೇಲಿತ್ತು. ಅವರಿಗೆ ಕೇಳಿಸಿತು.